ಬ್ಲ್ಯಾಕ್‌ಟೌನಿನ ತಿಂಡಿ ಅಂಗಡಿಯಿಂದ ವೆಸ್ಟ್‌ಫೀಲ್ಡ್ ತನಕ: ಫ್ರ್ಯಾಂಕ್ ಲೋವಿ ಬಗ್ಗೆ ಸ್ವಲ್ಪ ಮಾತಾಡೋಣ

ಹಾಸನದವನು | ಶನಿವಾರ, ಬೆಳಗ್ಗೆ 9:10

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಬಂದಿದ್ದಾರೆ. ಹೋದ ವಾರ ಅವರನ್ನು ಇಲ್ಲಿ ಸಿಡ್ನಿಯ ಪ್ಯಾರಮಟ್ಟಾದಲ್ಲಿರುವ ವೆಸ್ಟ್‌ಫೀಲ್ಡ್ ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಹಾಸನದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದಿನಸಿ ಅಂಗಡಿ ನಡೆಸಿದವರು. ಮಾಲ್‌ಗೆ ಬಂದರೂ ಅವರ ಕಣ್ಣು ಸಾಮಾನಿನ ಮೇಲಿರಲಿಲ್ಲ. ಜನ ಯಾವ ಬಾಗಿಲಿಂದ ಬರ್ತಾರೆ, ಎಲ್ಲಿ ತಿರುಗ್ತಾರೆ, ಯಾವ ಅಂಗಡಿ ಮುಂದೆ ನಿಲ್ತಾರೆ ಅಂತ ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿದರು. ಆಮೇಲೆ ಕೇಳಿದರು: "ಇದನ್ನ ಕಟ್ಟಿಸಿದೋರು ಯಾರೋ? ಅವರೂ ಮೊದಲು ಅಂಗಡಿ ಇಟ್ಟಿದ್ದೋರೇ ಇರಬೇಕು."

ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷದಿಂದ ಈ ಊರಲ್ಲಿದ್ದೇನೆ, ಆ ಕೆಂಪು ಅಕ್ಷರದ ಬೋರ್ಡು ದಿನಾ ನೋಡುತ್ತೇನೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ರಾತ್ರಿ ಕೂತು ಓದಿದೆ. ಅಪ್ಪ ಹೇಳಿದ್ದು ನಿಜ.

ಫ್ರ್ಯಾಂಕ್ ಲೋವಿ ಹುಟ್ಟಿದ್ದು 1930ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಫಿಲ್ಯಾಕೊವೊ ಅನ್ನುವ ಚಿಕ್ಕ ಊರಲ್ಲಿ. ಯಹೂದಿ ಕುಟುಂಬ. ಯುದ್ಧದ ಕಾಲದಲ್ಲಿ ಬುಡಾಪೆಸ್ಟ್‌ನಲ್ಲಿದ್ದರು. 1944ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಹಂಗೇರಿಯೊಳಗೆ ಬಂತು. ಊರು ಬಿಡೋಣ ಅಂತ ಅಪ್ಪ ರೈಲ್ವೆ ಸ್ಟೇಷನ್‌ಗೆ ಟಿಕೆಟ್ ತರಲು ಹೋದರು. ವಾಪಸ್ ಬರಲೇ ಇಲ್ಲ. ಹುಡುಗನಿಗೆ ಆಗ ಹದಿಮೂರು ವರ್ಷ. ಯುದ್ಧ ಮುಗಿದ ಮೇಲೆ ಪ್ಯಾಲೆಸ್ತೀನ್‌ಗೆ ಹಡಗು ಹತ್ತಿದ. ಬ್ರಿಟಿಷರು ತಡೆದು ಸೈಪ್ರಸ್‌ನ ಶಿಬಿರದಲ್ಲಿ ಇಟ್ಟರು. 1948ರ ಯುದ್ಧದಲ್ಲಿ ಸೈನಿಕನಾಗಿದ್ದ. 1952ರಲ್ಲಿ ಸಿಡ್ನಿಗೆ ಬಂದ.

ಇಲ್ಲಿಗೆ ಬಂದ ಮೇಲೆ ವ್ಯಾನ್‌ನಲ್ಲಿ ಸಾಸೇಜು, ಮಾಂಸದ ತಿನಿಸು ಅಂಗಡಿ ಅಂಗಡಿಗೆ ಹಾಕಿಕೊಂಡು ಬರುವ ಕೆಲಸ. ಹಾಗೆ ಹಾಕಲು ಹೋದ ಒಂದು ಅಂಗಡಿ ಟೌನ್ ಹಾಲ್ ಸ್ಟೇಷನ್‌ನಲ್ಲಿತ್ತು. ಅದರ ಮಾಲೀಕ ಜಾನ್ ಸಾಂಡರ್ಸ್, ಹಂಗೇರಿಯವರು, ನಾಜಿ ಶಿಬಿರಗಳಿಂದ ಬದುಕಿ ಬಂದವರು. ಇಬ್ಬರೂ ಸೇರಿ 1950ರ ದಶಕದ ನಡುವೆ ಒಂದು ಅಂಗಡಿ ತೆರೆದರು. ಎಲ್ಲಿ ಅಂತೀರಾ? ನಮ್ಮ ಬ್ಲ್ಯಾಕ್‌ಟೌನ್‌ನಲ್ಲಿ! ಸ್ಟೇಷನ್ ಹತ್ತಿರ!

ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಎದ್ದು ಕೂತರು. ನೀವೂ ಗೊತ್ತಿರುವುದನ್ನು ಬರೆಯಿರಿ. ಮುಂದಿನ ವಾರ ಅವರನ್ನು ಆ ಸ್ಟೇಷನ್ ಕಡೆ ಕರೆದುಕೊಂಡು ಹೋಗಬೇಕು.

ಸೆವೆನ್ ಹಿಲ್ಸ್ ಅಕ್ಕ | ಶನಿವಾರ, ಬೆಳಗ್ಗೆ 9:48

ಒಂದು ವಿಷಯ ಹೇಳಿಬಿಡ್ತೇನೆ ತಮ್ಮಾ, ಅಪ್ಪನನ್ನು ಕರೆದುಕೊಂಡು ಹೋಗಿ ತಪ್ಪು ಜಾಗ ತೋರಿಸಬೇಡಿ. ಈಗ ಸ್ಟೇಷನ್ ಪಕ್ಕ ಇರುವ ದೊಡ್ಡ ಮಾಲ್ ವೆಸ್ಟ್‌ಪಾಯಿಂಟ್. ಅದು ಬೇರೆಯವರದ್ದು. ಲೋವಿ, ಸಾಂಡರ್ಸ್ ಕಟ್ಟಿದ್ದು ಚಿಕ್ಕದು, 1959ರ ಜುಲೈನಲ್ಲಿ ತೆರೆದದ್ದು. ಹೆಸರು ಒಂದೇ ಥರ ಕೇಳುತ್ತೆ ಅಂತ ನಮ್ಮ ಮನೆಯವರೂ ಬಹಳ ವರ್ಷ ಅದೇ ಇದು ಅಂದುಕೊಂಡಿದ್ದರು.

ನಕ್ಷೆಗಾರ | ಶನಿವಾರ, ಬೆಳಗ್ಗೆ 11:30

ಅಕ್ಕ ಹೇಳಿದ್ದು ಸರಿ. ನಾನು ಇಪ್ಪತ್ತು ವರ್ಷ ಕಟ್ಟಡ ನಕ್ಷೆ ಮಂಜೂರಾತಿ ಕೆಲಸ ಮಾಡಿದವನು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಆ ಮೊದಲ ನಾಲ್ಕೈದು ವರ್ಷ. ಆಮೇಲಿನದು ದೊಡ್ಡ ದುಡ್ಡಿನ ಕಥೆ. ಬುದ್ಧಿ ಎಲ್ಲಾ ಇಲ್ಲೇ ಇದೆ.

1950ರ ದಶಕದ ಬ್ಲ್ಯಾಕ್‌ಟೌನ್ ಅಂದರೆ ತೋಟ, ಕೋಳಿ ಫಾರಂ, ಮಣ್ಣಿನ ರಸ್ತೆ. ಸಿಟಿಯಲ್ಲಿ ಜಾಗ ಕೊಳ್ಳಲು ಆಗದ ಯುರೋಪಿನ ವಲಸಿಗರು ಇಲ್ಲಿ ಸೈಟ್ ಕೊಂಡು ಮನೆ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಫ್ಯಾಕ್ಟರಿಯಿಂದ ರೈಲಿನಲ್ಲಿ ಬಂದು ಇಳಿಯುತ್ತಿದ್ದರು. ಅವರಿಗೆ ಬೇಕಾದ ಕಾಫಿ, ಬ್ರೆಡ್ಡು, ತಮ್ಮೂರಿನ ರುಚಿಯ ಮಾಂಸ ಇಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಆ ಅಂಗಡಿ ಓಡಿತು. ನಾವು ಹ್ಯಾರಿಸ್ ಪಾರ್ಕಿಗೆ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಹುಡುಕಿಕೊಂಡು ಹೋಗುತ್ತಿರಲಿಲ್ವಾ, ಹಾಗೆ.

ಅಂಗಡಿ ಕೌಂಟರ್ ಹಿಂದೆ ನಿಂತವನಿಗೆ ಒಂದು ಲಾಭ ಇರುತ್ತೆ. ಊರಿಗೆ ಹೊಸದಾಗಿ ಯಾರು ಬಂದರು, ಎಷ್ಟು ಜನ ಬಂದರು, ಅವರು ಏನು ಕೇಳುತ್ತಾರೆ, ಯಾರಿಗೆ ಮನೆ ಸಿಕ್ಕಿಲ್ಲ, ಎಲ್ಲಾ ಗೊತ್ತಾಗುತ್ತೆ. ಸರ್ಕಾರದ ಜನಗಣತಿಗಿಂತ ಮೊದಲೇ ಗೊತ್ತಾಗುತ್ತೆ. ಇಬ್ಬರೂ ಹೊಲ ಕೊಂಡು ಸೈಟ್ ಮಾಡಿ ಮಾರಿದರು. ಆಮೇಲೆ ಅಂಗಡಿ ಮಳಿಗೆ ಕಟ್ಟಿದರು. ಆಮೇಲೆ 1959ರ ಆ ಮಾಲ್. ವೆಸ್ಟ್‌ಫೀಲ್ಡ್ ಹೆಸರು ಬಂದದ್ದೂ ಹಾಗೇ: ಸಿಡ್ನಿಯ ಪಶ್ಚಿಮಕ್ಕೆ ಇದೆ ಅಂತ 'ವೆಸ್ಟ್', ಹೊಲ ಇತ್ತು ಅಂತ 'ಫೀಲ್ಡ್'. ನಮ್ಮಲ್ಲಾದರೆ ಪಡುವಲಹೊಲ ಅಂತ ಕರೆಯುತ್ತಿದ್ದರೇನೋ.

1960ರಲ್ಲೇ ಕಂಪನಿಯನ್ನು ಷೇರು ಮಾರುಕಟ್ಟೆಗೆ ತಂದರು. 1977ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಟ್ರಂಬಲ್‌ನಲ್ಲಿ ಮಾಲ್ ಕೊಂಡರು. ಲಂಡನ್‌ನಲ್ಲಿ 2008ಕ್ಕೆ ಒಂದು, 2011ಕ್ಕೆ ಸ್ಟ್ರಾಟ್‌ಫರ್ಡ್‌ನಲ್ಲಿ ಒಲಿಂಪಿಕ್ ಪಾರ್ಕಿನ ಪಕ್ಕ ಇನ್ನೊಂದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ಅಂಗಡಿಗಳ ಗುತ್ತಿಗೆ ಸಿಕ್ಕಿದ್ದು 2001ರ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅಲ್ಲಿ ವೆಸ್ಟ್‌ಫೀಲ್ಡ್ ಬೋರ್ಡು ಏರಿದ್ದು 2016ರಲ್ಲಿ.

ಎಲ್ಲಾ ಗೆದ್ದದ್ದೇ ಅಂತಲ್ಲ. 1987ರಲ್ಲಿ ಟೆನ್ ಟೀವಿ ವಾಹಿನಿ ಕೊಂಡು ಭಾರೀ ನಷ್ಟ ಮಾಡಿಕೊಂಡರು. ಎರಡೇ ವರ್ಷಕ್ಕೆ ಕೈಬಿಟ್ಟರು. ಗೊತ್ತಿಲ್ಲದ ವ್ಯಾಪಾರಕ್ಕೆ ಇಳಿದದ್ದಕ್ಕೆ ಬಿದ್ದ ಪೆಟ್ಟು ಅದು.

ಹುಬ್ಬಳ್ಳಿ ಬಟ್ಟೆ ಅಂಗಡಿ | ಶನಿವಾರ, ಮಧ್ಯಾಹ್ನ 2:05

ಓದಿ ಖುಷಿ ಆಯ್ತು. ಆದರೆ ಮಾಲ್ ಒಳಗಡೆ ಅಂಗಡಿ ಇಟ್ಟವರ ಮಾತೂ ಒಂದಿರಲಿ.

ನಾನು ಆರು ವರ್ಷ ಒಂದು ಮಾಲ್‌ನಲ್ಲಿ ಮಕ್ಕಳ ಬಟ್ಟೆ ಅಂಗಡಿ ನಡೆಸಿದೆ. ಯಾವುದು ಅಂತ ಬರೆಯೋದಿಲ್ಲ. ಮಾಲ್ ಲೆಕ್ಕಾಚಾರ ಹೊರಗಿನವರಿಗೆ ಗೊತ್ತಾಗಲ್ಲ. ದೊಡ್ಡ ಸೂಪರ್‌ಮಾರ್ಕೆಟ್, ದೊಡ್ಡ ಬಟ್ಟೆ ಮಳಿಗೆ ಇರ್ತಾವಲ್ಲ, ಅವರಿಗೆ ಚದರ ಮೀಟರ್‌ಗೆ ಬಾಡಿಗೆ ಕಡಿಮೆ. ಯಾಕಂದರೆ ಜನ ಬರೋದು ಅವರಿಗೋಸ್ಕರ. ನಡುವೆ ಇರುವ ಸಣ್ಣ ಅಂಗಡಿಗಳೇ ಜಾಸ್ತಿ ಕೊಡೋರು. ಪ್ರತಿ ತಿಂಗಳು ಎಷ್ಟು ವ್ಯಾಪಾರ ಆಯ್ತು ಅಂತ ಅವರಿಗೆ ಲೆಕ್ಕ ಒಪ್ಪಿಸಬೇಕು. ಗುತ್ತಿಗೆ ಮುಗಿದಾಗ ಅದೇ ಲೆಕ್ಕ ಮುಂದಿಟ್ಟುಕೊಂಡು ಬಾಡಿಗೆ ಮಾತಾಡ್ತಾರೆ. ಅಂಗಡಿಯ ಒಳಾಂಗಣ ಹೊಸದು ಮಾಡಿ ಅಂತಾರೆ, ನಮ್ಮ ಖರ್ಚಲ್ಲಿ. ಕೊನೆ ದಿನ ನಾನೇ ಏಣಿ ಹತ್ತಿ ಬೋರ್ಡ್ ಬಿಚ್ಚಿದೆ. ನಾಲ್ಕು ಸ್ಕ್ರೂ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ ಇನ್ನೂ.

ಲೋವಿಯವರು ಕೌಂಟರ್ ಹಿಂದೆ ನಿಂತು ಬಂದವರು. ಅವರಿಗೆ ಸಣ್ಣ ಅಂಗಡಿಯವನ ಕಷ್ಟ ಗೊತ್ತಿರಲೇಬೇಕು. ಅವರು ಕಟ್ಟಿದ ವ್ಯವಸ್ಥೆಯೊಳಗೆ ಅವರಂಥ ಇನ್ನೊಬ್ಬ ಹುಡುಗ ಇವತ್ತು ಅಂಗಡಿ ಇಡೋಕೆ ಆಗುತ್ತಾ? ಇದು ನನ್ನ ಪ್ರಶ್ನೆ. ಅವರ ಮೇಲೆ ಸಿಟ್ಟಿಂದ ಕೇಳ್ತಿಲ್ಲ.

ಹಾಸನದವನು | ಶನಿವಾರ, ಮಧ್ಯಾಹ್ನ 3:20

ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬಾಡಿಗೆ ಕೊಡೋನ ಲೆಕ್ಕದ ಪುಸ್ತಕ ಬಾಡಿಗೆ ತಗೊಳ್ಳೋನ ಕೈಗೆ ಹೋದರೆ ಮುಗೀತು." ನಮ್ಮ ಅಂಗಡಿ ಕೊನೆ ತನಕ ಉಳಿದದ್ದು ಮಳಿಗೆ ಸ್ವಂತದ್ದಾಗಿದ್ದಕ್ಕೆ ಅಂತಲೂ ಹೇಳಿದರು. ನಿಮ್ಮನ್ನು ಒಮ್ಮೆ ಮನೆಗೆ ಊಟಕ್ಕೆ ಕರೆಯಲು ಹೇಳಿದ್ದಾರೆ. ನಿಜವಾಗಿ ಬನ್ನಿ.

ಮೇಷ್ಟ್ರು | ಶನಿವಾರ, ರಾತ್ರಿ 8:15

ನಾನು ಇತಿಹಾಸದ ಮೇಷ್ಟ್ರು, ಈಗ ನಿವೃತ್ತ. ಮೊದಲು ಬರೆದವರು ಲೋವಿಯ ತಂದೆ ಟಿಕೆಟ್ ತರಲು ಹೋಗಿ ವಾಪಸ್ ಬರಲಿಲ್ಲ ಅಂದರು. ಅಲ್ಲಿಗೆ ನಿಲ್ಲಿಸಬಾರದು.

ತಂದೆಯ ಹೆಸರು ಹ್ಯೂಗೊ. ಏನಾದರು ಅಂತ ಮನೆಯವರಿಗೆ ಸುಮಾರು ನಲವತ್ತೇಳು ವರ್ಷ ಗೊತ್ತಾಗಲಿಲ್ಲ. 1990ರ ದಶಕದ ಶುರುವಿನಲ್ಲಿ ಲೋವಿಯ ಮಗನಿಗೆ ಅಮೆರಿಕದಲ್ಲಿ ಆಕಸ್ಮಿಕವಾಗಿ ಒಬ್ಬ ವೃದ್ಧರು ಸಿಕ್ಕರು. ಅವರು ಹ್ಯೂಗೊ ಜೊತೆ ಅದೇ ರೈಲಿನಲ್ಲಿ ಹೋಗಿದ್ದವರು. ನಾಜಿಗಳ ಬಿರ್ಕೆನಾವ್ ಶಿಬಿರದಲ್ಲಿ ಇಳಿದಾಗ ಕೈಯಲ್ಲಿರುವ ಗಂಟೆಲ್ಲಾ ಕೆಳಗಿಡಿ ಅಂದರಂತೆ. ಹ್ಯೂಗೊ ಕೈಯಲ್ಲಿ ಒಂದು ಚಿಕ್ಕ ಚೀಲ. ಅದರೊಳಗೆ ಪ್ರಾರ್ಥನೆಯ ಶಾಲು, ಪ್ರಾರ್ಥನೆ ಹೊತ್ತಲ್ಲಿ ಕಟ್ಟಿಕೊಳ್ಳುವ ಪೆಟ್ಟಿಗೆ. ಅವರು ಇಡಲಿಲ್ಲ. ಕಿತ್ತು ಎಸೆದರೂ ಹೋಗಿ ಎತ್ತಿಕೊಂಡರು. ಅಲ್ಲೇ ಹೊಡೆದು ಕೊಂದರು.

ಹಂಗೇರಿಯ ಯಹೂದಿಗಳನ್ನು ಸಾಗಿಸಲು ಬಳಸಿದಂಥ ಒಂದು ಗೂಡ್ಸ್ ಡಬ್ಬಿಯನ್ನು ಹ್ಯೂಗೊ ಮಗ ಫ್ರ್ಯಾಂಕ್ ಲೋವಿ ಹುಡುಕಿಸಿ, ರಿಪೇರಿ ಮಾಡಿಸಿ ಬಿರ್ಕೆನಾವ್‌ಗೆ ಕೊಟ್ಟರು. ಜನರನ್ನು ಇಳಿಸುತ್ತಿದ್ದ ಆ ಹಳಿಯ ಮೇಲೆ ಇವತ್ತೂ ಅದು ನಿಂತಿದೆ. ಅದರೊಳಗೆ ಅಂಥದ್ದೇ ಒಂದು ಚೀಲ ಇಟ್ಟಿದ್ದಾರೆ.

ಜಾನ್ ಸಾಂಡರ್ಸ್ ಅವರನ್ನೂ ಮರೆಯಬೇಡಿ. ಎಲ್ಲರೂ ಲೋವಿ ಹೆಸರು ಹೇಳುತ್ತಾರೆ, ಸಾಂಡರ್ಸ್ ಹೆಸರು ಬಿಟ್ಟೇ ಬಿಡುತ್ತಾರೆ. 1987ರಲ್ಲಿ ಅವರು ವೆಸ್ಟ್‌ಫೀಲ್ಡ್‌ನಿಂದ ಹೊರಬಂದರು. 1992ರಲ್ಲಿ ಡಾರ್ಲಿಂಗ್‌ಹರ್ಸ್ಟ್‌ನಲ್ಲಿ ಸಿಡ್ನಿ ಯಹೂದಿ ವಸ್ತುಸಂಗ್ರಹಾಲಯ ಶುರುವಾದದ್ದು ಅವರಿಂದ. ಶಿಬಿರಗಳಿಂದ ಬದುಕಿ ಬಂದ ಅಜ್ಜ ಅಜ್ಜಿಯರೇ ಅಲ್ಲಿ ನಿಂತು ಶಾಲೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ನಾನು ನನ್ನ ವಿದ್ಯಾರ್ಥಿಗಳನ್ನು ನಾಲ್ಕು ಸಲ ಕರೆದುಕೊಂಡು ಹೋಗಿದ್ದೇನೆ. ಒಬ್ಬ ಅಜ್ಜಿ ತೋಳಿನ ಬಟ್ಟೆ ಮೇಲಕ್ಕೆ ಸರಿಸಿ ಹಚ್ಚೆ ಹಾಕಿದ ನಂಬರ್ ತೋರಿಸಿದರು. ತರಗತಿಯ ಅತಿ ತುಂಟ ಹುಡುಗ ಆ ಮೇಲೆ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ನಮ್ಮಲ್ಲಿ ಒಂದು ಹಳೆಯ ಶಾಸನದ ಮಾತಿದೆಯಲ್ಲ. ತಾಯಿ ಹಾಲೂಡಿಸುವಾಗಲೇ ಮಗನ ಕಿವಿಯಲ್ಲಿ ಕೆರೆ ಕಟ್ಟಿಸು, ಬಾವಿ ತೋಡಿಸು ಅಂದಳು ಅಂತ. ಈ ಇಬ್ಬರ ಕಿವಿಯಲ್ಲಿ ಬೇರೇನೋ ಕೇಳುತ್ತಿತ್ತು. ಆ ಡಬ್ಬಿ, ಆ ವಸ್ತುಸಂಗ್ರಹಾಲಯ ನೋಡಿದರೆ ಇದು ಸುಮ್ನೆ ಹೆಸರಿಗಾಗಿ ಕೊಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ.

ಲೆಕ್ಕಪತ್ರ | ಭಾನುವಾರ, ಬೆಳಗ್ಗೆ 7:55

ಮೇಷ್ಟ್ರೇ, ಓದುತ್ತಾ ಕಣ್ಣು ತುಂಬಿತು. ಆದರೂ ನಾನು ಲೆಕ್ಕ ಪರಿಶೋಧಕ, ಇನ್ನೊಂದು ಕಡೆಯೂ ಬರೆಯಲೇಬೇಕು.

2004ರಲ್ಲಿ ನಮ್ಮ ಸಿಡ್ನಿಯ ಲಿವರ್‌ಪೂಲ್ ಹತ್ತಿರ ಆರೆಂಜ್ ಗ್ರೋವ್ ಅನ್ನುವ ರಿಯಾಯಿತಿ ಮಳಿಗೆ ಮುಚ್ಚಿತು. ಅದಕ್ಕೆ ಕೊಟ್ಟ ಅನುಮತಿ ಸರಿಯಲ್ಲ ಅಂತ ಕೋರ್ಟಿಗೆ ಹೋದದ್ದು ವೆಸ್ಟ್‌ಫೀಲ್ಡ್. ಕೋರ್ಟು ಅನುಮತಿ ಸಿಂಧುವಲ್ಲ ಅಂದಿತು. ಕಾನೂನಿನ ಪ್ರಕಾರ ಅವರದ್ದು ಗೆದ್ದ ಕೇಸು. ಆದರೆ ನೂರಾರು ಜನರ ಕೆಲಸ ಹೋಯಿತು. ಭ್ರಷ್ಟಾಚಾರ ಆಯೋಗದ ವಿಚಾರಣೆಯೂ ನಡೆಯಿತು, ಭ್ರಷ್ಟಾಚಾರ ನಡೆದಿಲ್ಲ ಅಂತ ತೀರ್ಮಾನ ಬಂತು. 2008ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ತೆರಿಗೆ ತಪ್ಪಿಸುವುದರ ತನಿಖೆಗಾಗಿ ಲಿಕ್ಟೆನ್‌ಸ್ಟೈನ್ ಬ್ಯಾಂಕಿನ ಖಾತೆಗಳನ್ನು ಪರಿಶೀಲಿಸಿದಾಗ ಲೋವಿ ಕುಟುಂಬದ ಹೆಸರೂ ಬಂತು. ತಪ್ಪೇನೂ ಮಾಡಿಲ್ಲ, ಆ ಹಣ ಇಸ್ರೇಲಿನಲ್ಲಿ ದಾನಕ್ಕೆ ಹೋಗಿದೆ ಅಂತ ಅವರು ಹೇಳಿದರು.

ಇಷ್ಟು ಬರೆದದ್ದು ಅವರನ್ನು ಚಿಕ್ಕದು ಮಾಡಲು ಅಲ್ಲ. ದೊಡ್ಡವರ ಬಗ್ಗೆ ಬರೆಯುವಾಗ ಜಮೆ ಮಾತ್ರ ಬರೆದರೆ ಅದು ಲೆಕ್ಕವಲ್ಲ ಅಂತ ನನ್ನ ನಂಬಿಕೆ.

ಜಮೆ ಕಡೆಗೂ ಬರೋಣ. ಆಸ್ಟ್ರೇಲಿಯಾಗೆ ಬಂದು 50 ವರ್ಷ ಆದ ನೆನಪಿಗೆ 2003ರಲ್ಲಿ ಲೋವಿ ಇನ್‌ಸ್ಟಿಟ್ಯೂಟ್ ಶುರು ಮಾಡಿದರು, 3 ಕೋಟಿ ಡಾಲರ್ ಕೊಟ್ಟು. ವಿದೇಶಾಂಗ ವಿಷಯಗಳ ಅಧ್ಯಯನ ಸಂಸ್ಥೆ ಅದು. 2022ರಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಸಿಡ್ನಿಗೆ ಬಂದಾಗ ಮಾತಾಡಿದ್ದು ಅಲ್ಲೇ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಲೋವಿ ಕ್ಯಾನ್ಸರ್ ಸಂಶೋಧನಾ ಕೇಂದ್ರ 2010ರದ್ದು. ಹೃದಯದ ಸಂಶೋಧನೆ ನಡೆಯುವ ವಿಕ್ಟರ್ ಚಾಂಗ್ ಸಂಸ್ಥೆಯ ಕಟ್ಟಡಕ್ಕೆ ಲೋವಿ ಮತ್ತು ಇನ್ನೊಂದು ಶ್ರೀಮಂತ ಕುಟುಂಬವಾದ ಪ್ಯಾಕರ್, ಎರಡೂ ಹೆಸರಿವೆ. ಹೃದಯ ಶಸ್ತ್ರಚಿಕಿತ್ಸಕ ವಿಕ್ಟರ್ ಚಾಂಗ್ ಕೂಡ ವಲಸೆ ಬಂದವರೇ, ಶಾಂಘೈನಲ್ಲಿ ಹುಟ್ಟಿದವರು.

ಕಾಲ್ಚೆಂಡು ಪ್ರೇಮಿ | ಭಾನುವಾರ, ಬೆಳಗ್ಗೆ 10:02

ಫುಟ್ಬಾಲ್ ಬಿಟ್ಟರೆ ಹೇಗೆ! 2003ರಲ್ಲಿ ಇಲ್ಲಿನ ಫುಟ್ಬಾಲ್ ಸಂಸ್ಥೆ ಮುಳುಗುವ ಸ್ಥಿತಿಯಲ್ಲಿತ್ತು. ಸರ್ಕಾರವೇ ಕೇಳಿಕೊಂಡು ಲೋವಿಯವರನ್ನು ಅಧ್ಯಕ್ಷರನ್ನಾಗಿ ಮಾಡಿತು. 2005ರಲ್ಲಿ ಇಲ್ಲಿನ ಫುಟ್ಬಾಲ್ ಲೀಗ್ ಆದ ಎ-ಲೀಗ್ ಶುರುವಾಯ್ತು. ಅದೇ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಉರುಗ್ವೆ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು, 32 ವರ್ಷದ ಮೇಲೆ ವಿಶ್ವಕಪ್‌ಗೆ ಹೋದೆವು. ಆ ರಾತ್ರಿ ನಾನು ಕ್ರೀಡಾಂಗಣದಲ್ಲಿದ್ದೆ. ಪಕ್ಕದಲ್ಲಿದ್ದ ಕ್ರೊಯೇಷಿಯಾದ ಅಜ್ಜ ನನ್ನನ್ನು ತಬ್ಬಿಕೊಂಡು ಅತ್ತರು. ಹೆಸರೂ ಗೊತ್ತಿಲ್ಲ. 'ವಲಸಿಗರ ಆಟ' ಅಂತ ಇಲ್ಲಿ ಮೂದಲಿಸುತ್ತಿದ್ದ ಆಟ ಅದು.

2022ರ ವಿಶ್ವಕಪ್ ಇಲ್ಲಿಗೆ ತರಲು ಹೋಗಿ ಒಂದೇ ಒಂದು ವೋಟು ಸಿಕ್ಕಿತು. ಸರ್ಕಾರದ ದುಡ್ಡು ತುಂಬಾ ಹೋಯಿತು. ಅದೂ ನಿಜ.

ಕನ್ನಡಕ | ಭಾನುವಾರ, ಮಧ್ಯಾಹ್ನ 1:40

ನಾನು ಕಣ್ಣು ಪರೀಕ್ಷೆ ಮಾಡುವವಳು. ಲೋವಿ ಹೆಸರು ನನಗೆ ಮಾಲ್‌ಗಿಂತ ಜಾಸ್ತಿ ಗೊತ್ತಿರುವುದು ಬೇರೊಂದು ಕಾರಣಕ್ಕೆ. ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮ್ಯಾಕ್‌ಟೆಲ್ ಅಂತ ಒಂದು ಕಣ್ಣಿನ ಕಾಯಿಲೆ. ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ, ನಾವು ಓದಲು, ಮುಖ ಗುರುತಿಸಲು ಬಳಸುವ ಜಾಗದಲ್ಲಿ, ಬೆಳಕನ್ನು ಹಿಡಿಯುವ ಜೀವಕೋಶಗಳು ನಿಧಾನಕ್ಕೆ ಸಾಯುತ್ತವೆ. ಪೂರ್ತಿ ಕುರುಡಾಗುವುದಿಲ್ಲ. ಆದರೆ ಸಾಲು ಓದುವಾಗ ನಡುವಿನ ಒಂದೆರಡು ಅಕ್ಷರ ಮಾಯವಾಗುತ್ತವೆ, ನೇರ ಗೆರೆ ಸೊಟ್ಟಗೆ ಕಾಣುತ್ತದೆ. ಬಹಳ ಅಪರೂಪದ್ದು. ವಯಸ್ಸಿನ ತೊಂದರೆ ಅಂತಲೋ ಸಕ್ಕರೆ ಕಾಯಿಲೆಯದ್ದು ಅಂತಲೋ ತಪ್ಪು ತಿಳಿಯುವುದು ಸಾಮಾನ್ಯ.

ಅಪರೂಪದ ಕಾಯಿಲೆಗೆ ಔಷಧಿ ಹುಡುಕಲು ಯಾರೂ ಸುಲಭವಾಗಿ ದುಡ್ಡು ಹಾಕುವುದಿಲ್ಲ. ರೋಗಿಗಳು ಕಡಿಮೆ, ಲಾಭ ಎಲ್ಲಿಂದ ಬರಬೇಕು? 2005ರಲ್ಲಿ ಲೋವಿ ಕುಟುಂಬ ಇದಕ್ಕೆ ಅಂತಲೇ ದುಡ್ಡು ಹಾಕಿತು. ಬೇರೆ ಬೇರೆ ದೇಶದ ಕಣ್ಣಾಸ್ಪತ್ರೆಗಳನ್ನು ಸೇರಿಸಿತು. ಮೊದಲು ರೋಗಿಗಳ ಪಟ್ಟಿ ಮಾಡಿದರು. ವರ್ಷಾನುಗಟ್ಟಲೆ ಅವರ ಕಣ್ಣಿನ ಚಿತ್ರ ತೆಗೆದು ಕಾಯಿಲೆ ಹೇಗೆ ಮುಂದುವರಿಯುತ್ತೆ ಅಂತ ನೋಡಿದರು. ಆಮೇಲೆ ರಕ್ತದಲ್ಲಿ ಸೆರೀನ್ ಅನ್ನುವ ಅಂಶ ಕಡಿಮೆ ಇರುವುದಕ್ಕೂ ಇದಕ್ಕೂ ನಂಟಿದೆ ಅಂತ ಕಂಡುಕೊಂಡರು. 2025ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ಮಂಡಳಿ ಈ ಕಾಯಿಲೆಗೆ ಮೊದಲ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಹೆಸರು ಎನ್ಸೆಲ್ಟೊ. ಒಂದು ಪುಟಾಣಿ ಕ್ಯಾಪ್ಸೂಲನ್ನು ಆಪರೇಷನ್ ಮಾಡಿ ಕಣ್ಣೊಳಗೆ ಇಡುತ್ತಾರೆ. ಅದರಲ್ಲಿರುವ ಜೀವಕೋಶಗಳು ಪರದೆಯನ್ನು ಕಾಪಾಡುವ ಒಂದು ಪ್ರೋಟೀನನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತವೆ. ಹೋದ ದೃಷ್ಟಿ ವಾಪಸ್ ಬರಲ್ಲ. ಹಾಳಾಗುವ ವೇಗ ಕಡಿಮೆಯಾಗುತ್ತೆ.

ಸುಮಾರು 20 ವರ್ಷ. ಒಂದು ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸುವುದು ಬೇರೆ. ಉತ್ತರ ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ಪ್ರಶ್ನೆಗೆ ಇಪ್ಪತ್ತು ವರ್ಷ ಬೆನ್ನು ಬಿಡದೆ ದುಡ್ಡು ಹಾಕುವುದು ಬೇರೆ. ಲೋವಿಯವರ ಎಲ್ಲಾ ಕೆಲಸದಲ್ಲಿ ನಾನು ಕೈ ಮುಗಿಯುವುದು ಇದಕ್ಕೆ.

ನಕ್ಷೆಗಾರ | ಭಾನುವಾರ, ಮಧ್ಯಾಹ್ನ 2:15

ಮೇಡಂ, ಇದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಮಾಲ್ ಕಟ್ಟುವವನ ಸ್ವಭಾವವೇ ಅದು ಅನ್ನಿಸುತ್ತೆ. ಜಾಗ ಹಿಡಿದು, ಮಂಜೂರಾತಿಗೆ ಓಡಾಡಿ, ಕಟ್ಟಿ, ಜನ ಬರುವ ತನಕ ಕಾಯಬೇಕು. ಹತ್ತು ವರ್ಷ ಅನ್ನುವುದು ಅವರಿಗೆ ಏನೂ ಅಲ್ಲ. ಅಂದಹಾಗೆ ವೆಸ್ಟ್‌ಫೀಲ್ಡ್ ಈಗ ಲೋವಿಯವರ ಕೈಯಲ್ಲಿಲ್ಲ. ವಿದೇಶದ ಮಾಲ್‌ಗಳನ್ನು 2018ರಲ್ಲಿ ಯುರೋಪಿನ ಯುನಿಬೈಲ್-ರೊಡಾಮ್ಕೊ ಕೊಂಡಿತು. ಇಲ್ಲಿನವು 2014ರಿಂದಲೇ ಸೆಂಟರ್ ಗ್ರೂಪ್ ಅನ್ನುವ ಬೇರೆ ಕಂಪನಿಯಲ್ಲಿವೆ. ಬೋರ್ಡು ಮಾತ್ರ ಹಾಗೇ ಇದೆ.

ಸೆವೆನ್ ಹಿಲ್ಸ್ ಅಕ್ಕ | ಭಾನುವಾರ, ಸಂಜೆ 5:30

ಕನ್ನಡಕ ಮೇಡಂ, ನಿಮ್ಮ ಬರಹ ಮೂರು ಸಲ ಓದಿದೆ. ನಮ್ಮ ಅಮ್ಮ ದಾವಣಗೆರೆಯಲ್ಲಿದ್ದಾರೆ, ಅರವತ್ತಮೂರು. ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದಿಂದ ಪೇಪರ್ ಓದುವಾಗ "ನಡುವೆ ಒಂದು ಅಕ್ಷರ ಯಾರೋ ಕಚ್ಚಿಕೊಂಡು ಹೋದ ಹಾಗಿದೆ" ಅಂತಾರೆ. ರಂಗೋಲಿ ಎಳೆ ಸೊಟ್ಟ ಬರುತ್ತೆ ಅಂತ ಹಾಕೋದೇ ಬಿಟ್ಟಿದ್ದಾರೆ. ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ ವಯಸ್ಸಾಯ್ತು, ಶುಗರ್ ಕಂಟ್ರೋಲ್ ಮಾಡಿ ಅಂತ ಕನ್ನಡಕ ಬದಲಾಯಿಸಿ ಕಳಿಸಿದರು. ಏನು ಮಾಡಲಿ?

ಕನ್ನಡಕ | ಭಾನುವಾರ, ಸಂಜೆ 5:52

ಅಕ್ಕ, ಗಾಬರಿಯಾಗಬೇಡಿ. ಇಲ್ಲಿಂದ ನೋಡದೆ ಏನೂ ಹೇಳಲು ಬರಲ್ಲ. ಶುಗರ್‌ನಿಂದಲೇ ಆಗಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ಆದರೆ ಬರೀ ಕನ್ನಡಕದ ನಂಬರ್ ನೋಡಿ ಬಿಡುವ ವಿಷಯ ಅಲ್ಲ ಇದು. ಅಮ್ಮನನ್ನು ರೆಟಿನಾ, ಅಂದರೆ ಆ ಕಣ್ಣಿನ ಪರದೆಯ ತಜ್ಞರ ಹತ್ತಿರ ಕರೆದುಕೊಂಡು ಹೋಗಲು ಹೇಳಿ. ಪರದೆಯ ಪದರಗಳ ಚಿತ್ರ ತೆಗೆಯುವ ಒಸಿಟಿ ಸ್ಕ್ಯಾನ್ ಮಾಡಿಸಲಿ. ಕಣ್ಣಿಗೆ ಏನೂ ಮುಟ್ಟಿಸಲ್ಲ, ನೋವಿಲ್ಲ, ಗಲ್ಲ ಇಟ್ಟು ಒಂದು ಚುಕ್ಕೆ ನೋಡುತ್ತಾ ಕೂತರೆ ಮುಗಿಯಿತು. ಅಮ್ಮ ಹೇಳಿದ ಎರಡು ಮಾತನ್ನು, ಅಕ್ಷರದ್ದು ಮತ್ತು ರಂಗೋಲಿದ್ದು, ಒಂದು ಚೀಟಿಯಲ್ಲಿ ಹಾಗೇ ಬರೆದು ಡಾಕ್ಟರ್ ಕೈಗೆ ಕೊಡಲಿ. ತುಂಬಾ ಉಪಯೋಗಕ್ಕೆ ಬರುತ್ತೆ.

ಹಾಸನದವನು | ಸೋಮವಾರ, ರಾತ್ರಿ 9:05

ಇವತ್ತು ಸಂಜೆ ಅಪ್ಪನನ್ನು ಬ್ಲ್ಯಾಕ್‌ಟೌನ್ ಸ್ಟೇಷನ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಐದೂವರೆ ಹೊತ್ತು. ರೈಲು ಬಂತು, ಜನ ಇಳಿದರು. ನಮ್ಮವರು, ಫಿಲಿಪೈನ್ಸ್‌ನವರು, ಸೂಡಾನಿನವರು. ಅಪ್ಪ ಪಕ್ಕಕ್ಕೆ ನಿಂತು ನೋಡುತ್ತಿದ್ದರು. ಹಳೆ ಅಂಗಡಿಯ ಗುರುತೇನೂ ನನಗೆ ಕಾಣಲಿಲ್ಲ. ಹತ್ತು ನಿಮಿಷ ಆದ ಮೇಲೆ ಅಪ್ಪ ಹೇಳಿದರು: "ನೋಡು, ಎಲ್ಲರ ಕೈಯಲ್ಲೂ ಖಾಲಿ ಡಬ್ಬಿ ಚೀಲ. ಮನೆಗೆ ಹೋಗಿ ಅಡುಗೆ ಮಾಡಬೇಕು ಪಾಪ. ಇಲ್ಲೊಂದು ಬಿಸಿ ಚಪಾತಿ ಪಲ್ಯದ ಅಂಗಡಿ ಇದ್ದಿದ್ದರೆ."

ಹುಬ್ಬಳ್ಳಿ ಸರ್, ಭಾನುವಾರ ಊಟಕ್ಕೆ ಬರ್ತೀರಲ್ವಾ? ಅಪ್ಪನಿಗೆ ನಿಮ್ಮ ಹತ್ತಿರ ಬಾಡಿಗೆ ಲೆಕ್ಕ ಕೇಳುವುದಿದೆಯಂತೆ.

ಹುಬ್ಬಳ್ಳಿ ಬಟ್ಟೆ ಅಂಗಡಿ | ಸೋಮವಾರ, ರಾತ್ರಿ 9:31

ಖಂಡಿತ ಬರ್ತೀನಿ. ಮಾಲ್ ಒಳಗಡೆ ಬೇಡ, ರಸ್ತೆ ಮೇಲಿನ ಮಳಿಗೆ ನೋಡೋಣ ಅಂತ ಹೇಳಿ ಅವರಿಗೆ.

ಸೆವೆನ್ ಹಿಲ್ಸ್ ಅಕ್ಕ | ಮಂಗಳವಾರ, ಬೆಳಗ್ಗೆ 6:40

ತಮ್ಮನ ಜೊತೆ ಮಾತಾಡಿದೆ. ಗುರುವಾರ ಬೆಳಗ್ಗೆ ರೆಟಿನಾ ಡಾಕ್ಟರ್ ಹತ್ತಿರ ಟೈಮ್ ಸಿಕ್ಕಿದೆ, ಅವತ್ತೇ ಸ್ಕ್ಯಾನ್. ಚೀಟಿ ಅಮ್ಮನೇ ಬರೆದಿದ್ದಾರೆ. ಫೋಟೋ ಕಳಿಸಿದ್ದರು. ಸಾಲು ಸ್ವಲ್ಪ ಮೇಲಕ್ಕೆ ಹೋಗಿದೆ, ಅಕ್ಷರ ಮಾತ್ರ ಎಲ್ಲಾ ಸರಿಯಾಗಿವೆ.